ಓಡಿಹೋದ ನಾಯಿ ಮತ್ತು ಯಕೃತ್ತಿನ ಬಳಸುದಾರಿ

1877ರಲ್ಲಿ ರಷ್ಯಾದ ಸೇನಾ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪುಟ್ಟ ಲೇಖನ ಅಚ್ಚಾಯಿತು. ಬರೆದವನು ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಎಕ್ ಎಂಬ ತರುಣ ಶಸ್ತ್ರವೈದ್ಯ. ಅದರಲ್ಲಿರುವುದು ಎಂಟು ನಾಯಿಗಳ ಕಥೆ. ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಸಿರೆಯನ್ನು ಪಕ್ಕದಲ್ಲೇ ಹಾದುಹೋಗುವ ಮಹಾಸಿರೆಗೆ ಹೊಲಿದು, ಎರಡರ ನಡುವೆ ಕಿಂಡಿ ತೆರೆದು, ಯಕೃತ್ತಿನ ಕಡೆಗಿನ ದಾರಿಯನ್ನು ದಾರದಿಂದ ಬಿಗಿದು ಕಟ್ಟುವುದು ಆತ ಮಾಡಿದ ಕೆಲಸ. ಏಳು ನಾಯಿಗಳು ಒಂದು ವಾರದೊಳಗೆ ಸತ್ತವು. ಎಂಟನೆಯದು ಎರಡೂವರೆ ತಿಂಗಳು ಬದುಕಿತು. ಆಮೇಲೆ ಒಂದು ದಿನ ಪ್ರಯೋಗಶಾಲೆಯಿಂದ ಓಡಿಹೋಯಿತು.

ಇಷ್ಟನ್ನು ಇಟ್ಟುಕೊಂಡು ಎಕ್ ಒಂದು ದೊಡ್ಡ ತೀರ್ಮಾನಕ್ಕೆ ಬಂದ. ಯಕೃತ್ತಿಗೆ ಹೋಗುವ ರಕ್ತವನ್ನು ಬೇರೆ ದಾರಿಗೆ ತಿರುಗಿಸಿದರೂ ಪ್ರಾಣಕ್ಕೆ ಅಪಾಯವಿಲ್ಲ, ಹಾಗಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಮನುಷ್ಯರಿಗೂ ಈ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಸೂಚಿಸಿದ. ಹೆಚ್ಚಿನ ಪ್ರಯೋಗಕ್ಕೆ ಅವನಿಗೆ ಬಿಡುವು ಸಿಗಲಿಲ್ಲ. ಅದು ರಷ್ಯಾ-ತುರ್ಕಿ ಯುದ್ಧದ ವರ್ಷ, ಸೈನ್ಯದಿಂದ ಕರೆ ಬಂದಿತ್ತು. ಏಳು ಸತ್ತು ಒಂದು ಓಡಿಹೋದ ಲೆಕ್ಕದಿಂದ ‘ಅಪಾಯವಿಲ್ಲ’ ಎನ್ನುವುದಕ್ಕೆ ಎದೆಗಾರಿಕೆ ಬೇಕು. ಆದರೂ ಆ ಜೋಡಣೆಗೆ ಇವತ್ತಿಗೂ ‘ಎಕ್ ಫಿಸ್ಟುಲಾ’ ಎಂದೇ ಹೆಸರು. ಮುಂದಿನ ನೂರು ವರ್ಷ ಯಕೃತ್ತಿನ ಕಾಯಿಲೆಯ ಶಸ್ತ್ರಚಿಕಿತ್ಸೆಯೆಲ್ಲ ಆ ಕಿಂಡಿಯ ಸುತ್ತಲೇ ತಿರುಗಿತು.

ದೇಹದ ಉಳಿದ ಸಿರೆಗಳೆಲ್ಲ ರಕ್ತವನ್ನು ನೇರವಾಗಿ ಹೃದಯದ ಕಡೆಗೆ ಒಯ್ಯುತ್ತವೆ. ಜಠರ, ಕರುಳು, ಗುಲ್ಮಗಳಿಂದ ಬರುವ ರಕ್ತಕ್ಕೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಅದು ಪೋರ್ಟಲ್ ಸಿರೆಯಲ್ಲಿ ಒಂದಾಗಿ ಮೊದಲು ಯಕೃತ್ತಿಗೆ ಹೋಗಬೇಕು. ಹಳೆಯ ಊರುಗಳ ಹೊರಗೆ ಸುಂಕದಕಟ್ಟೆ ಇರುತ್ತಿತ್ತಲ್ಲ, ಪೇಟೆಗೆ ಬರುವ ಮಾಲೆಲ್ಲ ಅಲ್ಲಿ ಬಿಚ್ಚಿ ತೋರಿಸಿಯೇ ಒಳಗೆ ಬರಬೇಕು, ಹಾಗೆ. ಉಂಡದ್ದರ ಸಾರ, ಕರುಳಿನ ಸೂಕ್ಷ್ಮಜೀವಿಗಳು ಹುಟ್ಟಿಸಿದ ಕಸ, ನುಂಗಿದ ಮಾತ್ರೆ, ಕುಡಿದ ಮದ್ಯ ಎಲ್ಲವೂ ಈ ಕಟ್ಟೆ ದಾಟಬೇಕು. ಯಕೃತ್ತಿಗೆ ಸಿಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಈ ದಾರಿಯಿಂದಲೇ.

ಯಕೃತ್ತು ವರ್ಷಗಟ್ಟಲೆ ಪೆಟ್ಟು ತಿಂದು ಗಾಯದ ನಾರಿನಿಂದ ಗಂಟುಗಂಟಾಗಿ ಗಟ್ಟಿಯಾಗುವುದೇ ಸಿರೋಸಿಸ್. 1819ರಲ್ಲಿ ಈ ಹೆಸರಿಟ್ಟವನು ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್. ಕಂದುಹಳದಿ ಎಂಬರ್ಥದ ಗ್ರೀಕ್ ಪದದಿಂದ ಅದನ್ನು ಕಟ್ಟಿದ. ಗಟ್ಟಿಯಾದ ಯಕೃತ್ತಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ತೂಬು ಹೂತುಹೋದ ಕೆರೆಯಲ್ಲಿ ನೀರು ಏರಿದಂತೆ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರುತ್ತದೆ. ಏರಿದ ನೀರು ಸುಮ್ಮನಿರುತ್ತದೆಯೇ? ಏರಿಯ ತೆಳುವಾದ ಜಾಗ ಹುಡುಕುತ್ತದೆ. ಹೊಟ್ಟೆಯೊಳಗೆ ಜಿನುಗಿದರೆ ಜಲೋದರ. ಅನ್ನನಾಳದ ಕೆಳತುದಿಯ ಪುಟ್ಟ ಸಿರೆಗಳಿಗೆ ನುಗ್ಗಿದರೆ ಅವು ಬಳ್ಳಿಯಂತೆ ಉಬ್ಬುತ್ತವೆ. ಒಂದು ರಾತ್ರಿ ಅವುಗಳಲ್ಲೊಂದು ಒಡೆದು ಮನುಷ್ಯ ಬೇಸಿನ್ ತುಂಬ ರಕ್ತ ಕಾರುತ್ತಾನೆ. ಅದನ್ನು ಕಂಡ ಮನೆಯವರು ಆ ರಾತ್ರಿಯನ್ನು ಮರೆಯುವುದಿಲ್ಲ.

ಜಲೋದರ ನಮ್ಮವರಿಗೂ ಚೆನ್ನಾಗಿ ಗೊತ್ತಿದ್ದ ರೋಗ. ಹೊಕ್ಕುಳಿನ ಕೆಳಗೆ ಎಡಭಾಗದಲ್ಲಿ, ಮಧ್ಯರೇಖೆಯಿಂದ ನಾಲ್ಕು ಬೆರಳು ಬಿಟ್ಟು, ‘ವ್ರೀಹಿಮುಖ’ವೆಂಬ, ಅಂದರೆ ಭತ್ತದ ಕಾಳಿನ ಮೊನೆಯಂಥ ಉಪಕರಣದಿಂದ ಚುಚ್ಚಿ, ಕೊಳವೆ ಇಟ್ಟು ನೀರು ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಎಲ್ಲವನ್ನೂ ಒಂದೇ ದಿನ ತೆಗೆಯಬಾರದು, ತೆಗೆದ ಮೇಲೆ ಹೊಟ್ಟೆಯನ್ನು ಬಿಗಿಯಾಗಿ ಸುತ್ತಬೇಕು ಎನ್ನುತ್ತದೆ. ಈಗಿನ ಆಸ್ಪತ್ರೆಗಳಲ್ಲಿ ಐದು ಲೀಟರಿಗಿಂತ ಹೆಚ್ಚು ನೀರು ತೆಗೆಯಬೇಕಾದಾಗ ರಕ್ತನಾಳಕ್ಕೆ ಆಲ್ಬುಮಿನ್ ಹನಿಸುತ್ತಾರೆ. ಏಕಾಏಕಿ ತೆಗೆದರೆ ರಕ್ತದ ಹರಿವೇ ಏರುಪೇರಾಗುತ್ತದೆಂಬ ಭಯ ಎರಡೂ ಕಡೆ ಒಂದೇ. ಸಂಗೀತಗಾರ ಬೀಥೋವನ್‌ನ ಹೊಟ್ಟೆಯಿಂದ 1826ರ ಡಿಸೆಂಬರಿನಿಂದ ಮುಂದಿನ ಫೆಬ್ರವರಿಯವರೆಗೆ ನಾಲ್ಕು ಬಾರಿ ನೀರು ತೆಗೆದರು. ಮಾರ್ಚಿನಲ್ಲಿ ಆತ ತೀರಿಕೊಂಡ ಮೇಲೆ ಶವಪರೀಕ್ಷೆ ಮಾಡಿದವರಿಗೆ ಕಂಡದ್ದು ಸುಕ್ಕಿ ಗಂಟುಗಟ್ಟಿದ ಯಕೃತ್ತು. ನೀರು ತೆಗೆಯುವುದು ಎಂದರೆ ತುಂಬಿದ ಮನೆಯಿಂದ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿದಂತೆ. ನೀರು ಬರುವ ದಾರಿಯನ್ನೇ ಬೇರೆ ಕಡೆ ತಿರುಗಿಸಿಬಿಡೋಣ ಎನ್ನುವುದು ಎಕ್‌ನ ಯೋಚನೆ. ರೈಲ್ವೆ ಸ್ಟೇಷನ್ನಿನಲ್ಲಿ ಬೋಗಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುವುದನ್ನು ನಾವು ಶಂಟಿಂಗ್ ಎನ್ನುತ್ತೇವೆ. ವೈದ್ಯರ ‘ಶಂಟ್’ ಕೂಡ ಅದೇ ಪದ, ಅದೇ ಕೆಲಸ.

ಎಕ್ ಬಿಟ್ಟ ಕೆಲಸವನ್ನು ಅದೇ ಊರಿನಲ್ಲಿ ಕೈಗೆತ್ತಿಕೊಂಡವನು ಇವಾನ್ ಪಾವ್ಲೋವ್. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಗಳಿಂದ ಹೆಸರಾದ ಪಾವ್ಲೋವನೇ. ಆತನ ಕೈಚಳಕ ಎಕ್‌ನಿಗಿಂತ ಎಷ್ಟೋ ಮೇಲು. ರಸಾಯನಶಾಸ್ತ್ರಜ್ಞ ನೆನ್ಸ್ಕಿ ಮತ್ತು ಇನ್ನಿಬ್ಬರೊಡನೆ ಸೇರಿ ಸುಮಾರು ಅರವತ್ತು ನಾಯಿಗಳಿಗೆ ಈ ಜೋಡಣೆ ಮಾಡಿದ. ಇಪ್ಪತ್ತರಷ್ಟು ಬದುಕಿ ಉಳಿದವು. ಬದುಕಿದವುಗಳನ್ನು ದಿನದಿನವೂ ಗಮನಿಸಿದ್ದೇ ಈ ಪ್ರಯೋಗದ ದೊಡ್ಡತನ. ಸೌಮ್ಯವಾಗಿದ್ದ ನಾಯಿಗಳು ಸಿಡುಕಲು, ಕಚ್ಚಲು ತೊಡಗಿದವು. ನಡೆದರೆ ತೂರಾಡಿದವು, ಕೆಲವಕ್ಕೆ ಕಣ್ಣು ಕಾಣದಂತಾಯಿತು. ಫಿಟ್ಸ್ ಬಂದು ಎಚ್ಚರ ತಪ್ಪಿದವು. ಮಾಂಸ ತಿಂದಾಗ ಹೀಗಾಗುತ್ತಿತ್ತು. ಹಾಲು-ಬ್ರೆಡ್ಡಿನಲ್ಲಿಟ್ಟಾಗ ಸುಮಾರಾಗಿದ್ದವು. ಕೆಲವು ನಾಯಿಗಳಂತೂ ತಾವಾಗಿ ಮಾಂಸದ ಕಡೆ ಮೂಸಿಯೂ ನೋಡದಾದವು.

1893ರಲ್ಲಿ ಜರ್ಮನ್ ಪತ್ರಿಕೆಯಲ್ಲಿ ಬಂದ ಈ ವರದಿಯ ಅರ್ಥ ಇಷ್ಟು: ಮಾಂಸದ ಪ್ರೋಟೀನು ಒಡೆದಾಗ ಅಮೋನಿಯಾದಂಥ ವಿಷ ಹುಟ್ಟುತ್ತದೆ. ಯಕೃತ್ತು ಅದನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಸುಂಕದಕಟ್ಟೆಯನ್ನು ತಪ್ಪಿಸಿ ಬಂದ ರಕ್ತ ಆ ವಿಷವನ್ನು ನೇರ ಮಿದುಳಿಗೆ ಒಯ್ಯುತ್ತದೆ. ಓಡಿಹೋದ ನಾಯಿಗೆ ಏನು ಗತಿಯಾಗಿರಬಹುದೆಂದು ಪಾವ್ಲೋವನ ನಾಯಿಗಳು ತೋರಿಸಿಕೊಟ್ಟವು. ಮುಂದೆ ಮನುಷ್ಯರಲ್ಲಿ ಆಗಲಿದ್ದದ್ದೆಲ್ಲ ಆ ವರದಿಯಲ್ಲಿ ಆಗಲೇ ಇತ್ತು. ಶಸ್ತ್ರವೈದ್ಯರ ಲೋಕ ಅದನ್ನು ಓದಲಿಲ್ಲವೆಂದಲ್ಲ. ಓದಿ ಬದಿಗಿಟ್ಟಿತು ಎನ್ನುವುದು ಹೆಚ್ಚು ಸರಿ.

1903ರಲ್ಲಿ ಫ್ರಾನ್ಸಿನ ವಿಡಾಲ್ ಎಂಬ ವೈದ್ಯ ಮನುಷ್ಯನಿಗೆ ಈ ಶಂಟ್ ಮಾಡಿದ. ರೋಗಿ ಕೆಲವು ತಿಂಗಳು ಬದುಕಿದ್ದು ತೀರಿಕೊಂಡ. ರಕ್ತನಾಳ ಹೊಲಿಯುವ ವಿದ್ಯೆಯೇ ಇನ್ನೂ ಕೂಸಾಗಿದ್ದ ಕಾಲ ಅದು. ಆ ವಿದ್ಯೆ ಬೆಳೆದ ಕಥೆಯಲ್ಲೂ ಇದೇ ಪೋರ್ಟಲ್ ಸಿರೆ ಬರುತ್ತದೆ. 1894ರಲ್ಲಿ ಲಿಯಾನ್ ಪಟ್ಟಣದಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊಗೆ ಒಬ್ಬ ಅರಾಜಕತಾವಾದಿ ಚೂರಿ ಹಾಕಿದ. ಚೂರಿ ಸೀಳಿದ್ದು ಪೋರ್ಟಲ್ ಸಿರೆಯನ್ನು. ದೇಶದ ಅಧ್ಯಕ್ಷನೇ ರಕ್ತ ಸೋರಿ ಸಾಯುತ್ತಿದ್ದರೂ ಸಿರೆ ಹೊಲಿಯಬಲ್ಲವರು ಯಾರೂ ಇರಲಿಲ್ಲ. ಅದೇ ಊರಿನಲ್ಲಿ ಕಲಿಯುತ್ತಿದ್ದ ಅಲೆಕ್ಸಿ ಕ್ಯಾರೆಲ್ ಎಂಬ ಹುಡುಗನನ್ನು ಈ ಸಾವು ಕಾಡಿತು. ಆತ ಕಸೂತಿಯ ಸೂಜಿ-ದಾರದ ನಾಜೂಕನ್ನು ಕಲಿತು ರಕ್ತನಾಳಗಳನ್ನು ಸೇರಿಸುವ ವಿಧಾನ ರೂಪಿಸಿದ. 1912ರಲ್ಲಿ ಅದಕ್ಕೆ ನೊಬೆಲ್ ಬಂತು.

ಎಕ್‌ನ ಕನಸು ನಿಜವಾಗಿ ಆಸ್ಪತ್ರೆಗೆ ಕಾಲಿಟ್ಟದ್ದು ಎರಡನೆಯ ಮಹಾಯುದ್ಧದ ಕೊನೆಗೆ. ನ್ಯೂಯಾರ್ಕಿನ ಕೊಲಂಬಿಯಾ-ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಅಲೆನ್ ವಿಪಲ್ ಗುಲ್ಮ ಊದಿಕೊಂಡ ರೋಗಿಗಳಿಗಾಗಿಯೇ ಒಂದು ವಿಭಾಗ ನಡೆಸುತ್ತಿದ್ದ. ರಕ್ತ ಕಾರುವವರ ಮೂಲ ತೊಂದರೆ ಪೋರ್ಟಲ್ ಸಿರೆಯ ಒತ್ತಡ ಎಂಬುದನ್ನು ಅಳತೆ ಮಾಡಿ ತೋರಿಸಿದ್ದು ಆ ತಂಡ. 1945ರಲ್ಲಿ ವಿಪಲ್ ಮತ್ತು ಅವನ ಸಹೋದ್ಯೋಗಿ ಬ್ಲೇಕ್‌ಮೋರ್ ತಮ್ಮ ಶಂಟ್ ರೋಗಿಗಳ ವರದಿ ಪ್ರಕಟಿಸಿದರು. ವೈಟಾಲಿಯಂ ಎಂಬ ಮಿಶ್ರಲೋಹದ ಪುಟ್ಟ ಕೊಳವೆಯ ಮೇಲೆ ಸಿರೆಯನ್ನು ತೊಡಿಸಿ ಜೋಡಿಸುವುದು ಆಗಿನ ಪದ್ಧತಿ. ಬೇಗನೆ ಅದು ಹೋಗಿ ಬರೀ ಹೊಲಿಗೆ ಬಂತು. ಮುಂದಿನ ಇಪ್ಪತ್ತು ವರ್ಷ ದೊಡ್ಡ ಆಸ್ಪತ್ರೆಗಳೆಲ್ಲ ಈ ಶಸ್ತ್ರಚಿಕಿತ್ಸೆಯನ್ನು ಹುಮ್ಮಸ್ಸಿನಿಂದ ಮಾಡಿದವು. ರಕ್ತ ಕಾರಿದವರಿಗೆ ಮಾಡಿದವು. ಸಿರೆ ಉಬ್ಬಿದೆ, ಇನ್ನೂ ಒಡೆದಿಲ್ಲ ಎನ್ನುವವರಿಗೂ ಮುನ್ನೆಚ್ಚರಿಕೆಯೆಂದು ಮಾಡಿದವು. ರಕ್ತಸ್ರಾವ ನಿಜಕ್ಕೂ ನಿಂತಿತು. ಇಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ನಿಧಾನವಾಗಿ ಪಾವ್ಲೋವನ ನಾಯಿಗಳು ವಾರ್ಡುಗಳಲ್ಲಿ ಕಾಣಿಸಿಕೊಳ್ಳತೊಡಗಿದವು. ಶಂಟ್ ಆಗಿ ಮನೆಗೆ ಹೋದವನು ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಎದ್ದು ಓಡಾಡುತ್ತಾನೆ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಳ್ಳುತ್ತಾನೆ. ಸಹಿ ವಾರದಿಂದ ವಾರಕ್ಕೆ ಕೆಡುತ್ತದೆ. ಕೈ ಚಾಚು ಎಂದರೆ ಅಂಗೈ ಹಕ್ಕಿಯ ರೆಕ್ಕೆಯಂತೆ ಪಟಪಟ ಅಲುಗುತ್ತದೆ. ಐದು ಮೂಲೆಯ ನಕ್ಷತ್ರ ಬರೆಯಲು ಕೊಟ್ಟರೆ ಗೆರೆಗಳು ಕೂಡುವುದಿಲ್ಲ. 1954ರಲ್ಲಿ ಮೆಕ್‌ಡರ್ಮಟ್ ಮತ್ತು ಆಡಮ್ಸ್ ಒಬ್ಬ ರೋಗಿಯ ವೃತ್ತಾಂತ ಬರೆದರು. ಅವನಿಗೆ ಸಿರೋಸಿಸ್ ಇರಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತೆಗೆಯುವಾಗ ಪೋರ್ಟಲ್ ಸಿರೆಯನ್ನು ಮಹಾಸಿರೆಗೆ ತಿರುಗಿಸಬೇಕಾಗಿತ್ತು, ಅಷ್ಟೆ. ಆದರೂ ಅವನಿಗೆ ಆಗಾಗ ಮಂಪರು ಕವಿಯುತ್ತಿತ್ತು, ಜೊತೆಗೆ ಅಮೋನಿಯಾ ಏರುತ್ತಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಶೀಲಾ ಶೆರ್ಲಾಕ್ ತಂಡ ಈ ಸ್ಥಿತಿಗೆ ‘ಪೋರ್ಟಲ್-ಸಿಸ್ಟಮಿಕ್ ಎನ್ಸೆಫಲೋಪತಿ’ ಎಂಬ ಹೆಸರು ಕೊಟ್ಟಿತು. ರಕ್ತ ಕಾರುವುದು ನಿಂತಿತು, ಆದರೆ ಮನುಷ್ಯ ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ. ಈ ವ್ಯಾಪಾರದಲ್ಲಿ ಲಾಭ ಎಷ್ಟು, ನಷ್ಟ ಎಷ್ಟು?

ಈ ಪ್ರಶ್ನೆಗೆ ಉತ್ತರ ಬಂದ ಬಗೆ ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯವೆನಿಸುವ ಭಾಗ. 1966ರಲ್ಲಿ ಗ್ರೇಸ್, ಮಂಚ್ ಮತ್ತು ಚಾಲ್ಮರ್ಸ್ ಎಂಬ ಮೂವರು ಹೊಸ ಪ್ರಯೋಗವನ್ನೇನೂ ಮಾಡಲಿಲ್ಲ. ಶಂಟ್ ಬಗ್ಗೆ ಅದುವರೆಗೆ ಬಂದಿದ್ದ 51 ಅಧ್ಯಯನಗಳನ್ನು ಮೇಜಿನ ಮೇಲೆ ಹರಡಿಕೊಂಡು ವಿಂಗಡಿಸಿದರು. ಹೋಲಿಸಿ ನೋಡಲು ಶಂಟ್ ಆಗದ ರೋಗಿಗಳ ಗುಂಪೇ ಇಲ್ಲದ ಅಧ್ಯಯನಗಳು 32. ಅವುಗಳಲ್ಲಿ 24 ಶಂಟನ್ನು ಬಾಯ್ತುಂಬ ಹೊಗಳಿದ್ದವು, 7 ಮಿತವಾಗಿ ಮೆಚ್ಚಿದ್ದವು, ಒಂದೇ ಒಂದು ಬೇಡವೆಂದಿತ್ತು. ಹೋಲಿಕೆಯ ಗುಂಪಿದ್ದರೂ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚದ ಅಧ್ಯಯನಗಳು 15. ಅವುಗಳಲ್ಲೂ 10 ಹೊಗಳಿದ್ದವು. ಯಾರಿಗೆ ಶಂಟ್, ಯಾರಿಗೆ ಇಲ್ಲ ಎಂಬುದನ್ನು ವೈದ್ಯನ ಇಷ್ಟಕ್ಕೆ ಬಿಡದೆ ಚೀಟಿಗೆ ಬಿಟ್ಟ ಅಧ್ಯಯನಗಳು ನಾಲ್ಕೇ. ಅವುಗಳಲ್ಲಿ ಹೊಗಳಿದ್ದು ಒಂದೂ ಇಲ್ಲ. ಒಂದು ಮಿತವಾಗಿ ಮೆಚ್ಚಿತ್ತು, ಮೂರು ಬೇಡವೆಂದಿದ್ದವು.

ಅದೇ ಶಸ್ತ್ರಚಿಕಿತ್ಸೆ, ಅದೇ ರೋಗ, ಅಂಥವೇ ರೋಗಿಗಳು. ಹಾಗಾದರೆ ಹೊಗಳಿದವರು ಮೋಸಗಾರರೇ? ಅಲ್ಲ. ರಕ್ತ ಕಾರಿದ ಹತ್ತು ಜನರಲ್ಲಿ ಕೆಲವರು ಆ ವಾರವೇ ಸಾಯುತ್ತಾರೆ, ಕೆಲವರ ಯಕೃತ್ತು ಶಸ್ತ್ರಚಿಕಿತ್ಸೆ ತಡೆಯುವಂತಿರುವುದಿಲ್ಲ. ಉಳಿದ, ಸ್ವಲ್ಪ ಗಟ್ಟಿಯಿರುವವರು ಆಪರೇಷನ್ ಕೋಣೆ ತಲುಪುತ್ತಾರೆ. ಅವರು ಹೇಗಿದ್ದರೂ ಮಿಕ್ಕವರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದವರು. ಆ ಹೆಚ್ಚಿನ ಆಯುಸ್ಸನ್ನು ವೈದ್ಯ ತನ್ನ ಹೊಲಿಗೆಯ ಖಾತೆಗೆ ಜಮಾ ಮಾಡಿಕೊಳ್ಳುತ್ತಾನೆ. ಕೃತಜ್ಞತೆಯಿಂದ ಹಣ್ಣಿನ ಬುಟ್ಟಿ ಹಿಡಿದು ಬಂದ ರೋಗಿ ಅವನ ಕಣ್ಣೆದುರು ಇರುತ್ತಾನೆ. ಊರಿನಲ್ಲಿ ಮಂಪರು ಕವಿದು ಮಲಗಿದವನು ಇರುವುದಿಲ್ಲ. ಚೀಟಿ ಎತ್ತುವ ಪದ್ಧತಿ ಈ ಪ್ರಾಮಾಣಿಕ ಭ್ರಮೆಯನ್ನು ತೊಡೆಯುತ್ತದೆ. ಯಾವುದೇ ಹೊಸ ಚಿಕಿತ್ಸೆ ಬಂದಾಗ ಮೊಟ್ಟಮೊದಲ ರೋಗಿಯಿಂದಲೇ ಚೀಟಿ ಎತ್ತಬೇಕು ಎಂದು ಚಾಲ್ಮರ್ಸ್ ಆಮೇಲೆ ವಾದಿಸಿದ. ಕೇಳಲು ಕಠೋರವಾಗಿ ಕಾಣುತ್ತದೆ. ಆದರೆ ಇಪ್ಪತ್ತು ವರ್ಷ ಕಾದದ್ದರ ಬೆಲೆಯನ್ನು ನೋಡಿದರೆ ಅವನ ಮಾತೇ ಹೆಚ್ಚು ಕರುಣೆಯದು.

ಮುನ್ನೆಚ್ಚರಿಕೆಯ ಶಂಟ್ ಆ ದಶಕದ ಕೊನೆಯ ಹೊತ್ತಿಗೆ ನಿಂತೇಹೋಯಿತು. ರಕ್ತ ಕಾರಿದವರಲ್ಲೂ ಲೆಕ್ಕ ನಿರಾಸೆಯದೇ. ರಕ್ತಸ್ರಾವದಿಂದ ಸಾಯಬೇಕಾದವರು ಬದಲಿಗೆ ಯಕೃತ್ತು ಸೋತು ಸಾಯುತ್ತಿದ್ದರು. ಪೋರ್ಟಲ್ ರಕ್ತವಿಲ್ಲದೆ ಯಕೃತ್ತು ಸೊರಗುವುದೇಕೆ ಎಂಬುದನ್ನು ಕಸಿ ಶಸ್ತ್ರಚಿಕಿತ್ಸೆಯ ಥಾಮಸ್ ಸ್ಟಾರ್ಜಲ್ ಮತ್ತೆ ನಾಯಿಗಳಲ್ಲಿ ತೋರಿಸಿದ. ಆ ರಕ್ತದಲ್ಲಿ ಬರುವ ಇನ್ಸುಲಿನ್ ಯಕೃತ್ತಿನ ಪೋಷಣೆಗೇ ಬೇಕು. ಕಾಲುವೆ ತಿರುಗಿಸಿದರೆ ಗದ್ದೆ ಒಣಗುತ್ತದೆ. 1967ರಲ್ಲಿ ಅಮೆರಿಕದ ಡೀನ್ ವಾರನ್ ಒಂದು ಜಾಣ ಉಪಾಯ ಹೂಡಿದ. ಗುಲ್ಮದ ಸಿರೆಯನ್ನು ಮಾತ್ರ ಕಿಡ್ನಿಯ ಸಿರೆಗೆ ಸೇರಿಸಿ, ಅನ್ನನಾಳದ ಒತ್ತಡ ಇಳಿಸಿ, ಕರುಳಿನ ರಕ್ತವನ್ನು ಯಕೃತ್ತಿಗೇ ಬಿಟ್ಟ. ಜಲೋದರಕ್ಕೆಂದು 1974ರಲ್ಲಿ ಹ್ಯಾರಿ ಲೆವೀನ್ ಹೊಟ್ಟೆಯ ನೀರನ್ನು ಕವಾಟವಿರುವ ಪ್ಲಾಸ್ಟಿಕ್ ಕೊಳವೆಯ ಮೂಲಕ ಕುತ್ತಿಗೆಯ ಸಿರೆಗೆ ಹರಿಸಿದ. ಕೊಳವೆ ಕಟ್ಟಿಕೊಳ್ಳುವುದು, ಸೋಂಕು, ರಕ್ತ ಹೆಪ್ಪುಗಟ್ಟುವುದರಲ್ಲಿ ಏರುಪೇರು ಎಲ್ಲ ಸೇರಿ ಅದು ಹೆಚ್ಚುಕಡಿಮೆ ಮೂಲೆಗೆ ಸರಿದಿದೆ.

ಹೊಟ್ಟೆಯನ್ನೇ ಸೀಳದೆ ಶಂಟ್ ಮಾಡುವ ದಾರಿ ಸಿಕ್ಕಿದ್ದು ಸೂಜಿ ಹಾದಿ ತಪ್ಪಿದ್ದರಿಂದ. ಪ್ರಾಗ್‌ನಿಂದ ಅಮೆರಿಕಕ್ಕೆ ಹೋಗಿದ್ದ ಎಕ್ಸ್‌ರೇ ತಜ್ಞ ಯೋಸೆಫ್ ರೋಶ್ ಮತ್ತವನ ಸಂಗಡಿಗರು ಕುತ್ತಿಗೆಯ ಸಿರೆಯಿಂದ ಯಕೃತ್ತಿನೊಳಗೆ ಸೂಜಿ ಇಳಿಸಿ ಪಿತ್ತನಾಳದ ಚಿತ್ರ ತೆಗೆಯುತ್ತಿದ್ದರು. ಸೂಜಿ ಕೆಲವೊಮ್ಮೆ ಪಿತ್ತನಾಳದ ಬದಲು ಪೋರ್ಟಲ್ ಸಿರೆಗೆ ಹೊಕ್ಕುತ್ತಿತ್ತು. ಯಕೃತ್ತಿನೊಳಗೇ ಎರಡು ಸಿರೆಗಳು ಇಷ್ಟು ಹತ್ತಿರವಿದ್ದರೆ ನಡುವೆ ಒಂದು ಸುರಂಗ ತೋಡಬಾರದೇಕೆ? 1969ರಲ್ಲಿ ನಾಯಿಗಳಲ್ಲಿ ತೋಡಿ ತೋರಿಸಿದರು. (ಈ ಚರಿತ್ರೆಯಲ್ಲಿ ನಾಯಿಗಳಿಗೆ ಬಿಡುವೇ ಇಲ್ಲ.) ಸುರಂಗ ಮಾತ್ರ ತೆರೆದಿರುತ್ತಿರಲಿಲ್ಲ. 1980ರ ದಶಕದ ಮೊದಲಲ್ಲಿ ಟೊರಾಂಟೊದ ಕೊಲಾಪಿಂಟೊ ಬಲೂನಿನಿಂದ ಅದನ್ನು ಹಿಗ್ಗಿಸಿ ಕೆಲವು ರೋಗಿಗಳಲ್ಲಿ ಪ್ರಯತ್ನಿಸಿದ. ಬಲೂನು ತೆಗೆದ ಮೇಲೆ ಯಕೃತ್ತಿನ ಮಾಂಸ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅರ್ಜೆಂಟೀನಾದಿಂದ ಬಂದ ಹೂಲಿಯೊ ಪಾಲ್ಮಾಜ್ ಲೋಹದ ಜಾಲರಿಯ ಸ್ಟೆಂಟ್ ರೂಪಿಸಿದ ಮೇಲೆ ಬಾಗಿಲು ತೆರೆಯಿತು. ಇಂದು ಹೃದಯದ ರಕ್ತನಾಳಗಳಲ್ಲಿ ಮನೆಮಾತಾಗಿರುವ ಸ್ಟೆಂಟಿನ ಪೂರ್ವಜ ಅದು. 1988ರ ಜನವರಿಯಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಅದನ್ನಿಟ್ಟು ಮೊದಲ ರೋಗಿಗೆ ಶಂಟ್ ಮಾಡಿದರು. ಆತ ಕೆಲವೇ ದಿನಗಳಲ್ಲಿ ಬೇರೆ ತೊಡಕಿನಿಂದ ತೀರಿಕೊಂಡ. ಶವಪರೀಕ್ಷೆಯಲ್ಲಿ ಶಂಟ್ ತೆರೆದೇ ಇತ್ತು. ಇದಕ್ಕೀಗ ‘ಟಿಪ್ಸ್’ ಎಂದು ಹೆಸರು.

ಕುತ್ತಿಗೆಯಲ್ಲಿ ಒಂದು ಚಿಕ್ಕ ತೂತು, ಕೆಲವು ಗಂಟೆಯ ಕೆಲಸ. ಹಾಗೆಂದು ಪಾವ್ಲೋವನ ಪಾಠ ರದ್ದಾಗಲಿಲ್ಲ. ಸುಂಕದಕಟ್ಟೆಯನ್ನು ತಪ್ಪಿಸುವ ದಾರಿ ದೊಡ್ಡದಾದಷ್ಟೂ ಮಿದುಳಿಗೆ ಮಂಪರು. ಚಿಕ್ಕದಾದರೆ ರಕ್ತ ಮತ್ತೆ ಉಕ್ಕುತ್ತದೆ. ಪೋರ್ಟಲ್ ಸಿರೆಗೂ ಯಕೃತ್ತಿನಿಂದ ಹೊರಡುವ ಸಿರೆಗೂ ಇರುವ ಒತ್ತಡದ ವ್ಯತ್ಯಾಸವನ್ನು ಪಾದರಸದ ಲೆಕ್ಕದಲ್ಲಿ 12 ಮಿಲಿಮೀಟರಿಗಿಂತ ಕೆಳಗೆ ತರುವುದು, ಆದರೆ ಪೂರ್ತಿ ಇಳಿಸಿಬಿಡದಿರುವುದು, ಇದು ಈಗಿನವರು ಹಿಡಿದಿರುವ ನಡುದಾರಿ. ಮೊದಲ ಸ್ಟೆಂಟುಗಳು ವರ್ಷದೊಳಗೆ ಕಟ್ಟಿಕೊಳ್ಳುವುದು ಸಾಮಾನ್ಯವಾಗಿತ್ತು. ನಮ್ಮ ನಾನ್‌ಸ್ಟಿಕ್ ದೋಸೆ ಕಾವಲಿಯ ಟೆಫ್ಲಾನ್ ಇದೆಯಲ್ಲ, ಅದೇ ವಸ್ತುವಿನ ತೆಳುಹೊದಿಕೆ ಬಂದ ಮೇಲೆ ಆ ಕಾಟ ಬಹಳ ಇಳಿಯಿತು.

ಟಿಪ್ಸ್‌ನ ಪುಣ್ಯವೆಂದರೆ ಅದು ಚಾಲ್ಮರ್ಸ್ ನಂತರದ ಕಾಲದಲ್ಲಿ ಬೆಳೆಯಿತು. ಎಲ್ಲರಿಗೂ ಹಾಕಿ ನೋಡೋಣ ಎಂದು ಹೊರಡದೆ, ಯಾರಿಗೆ ಎಂದು ಕೇಳಲಾಯಿತು. ಹೊಟ್ಟೆಯ ನೀರು, ಮಂಪರು, ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ ಎಂಬ ಐದನ್ನು ಅಳೆದು ರೋಗಿಯನ್ನು ಎ, ಬಿ, ಸಿ ಎಂದು ವಿಂಗಡಿಸುವ ಚೈಲ್ಡ್-ಪ್ಯೂ ಪಟ್ಟಿಯೂ ಶಂಟಿನ ಸಾವುನೋವುಗಳ ಲೆಕ್ಕ ಹಾಕುತ್ತ ಹುಟ್ಟಿದ್ದೇ. 2010ರಲ್ಲಿ ಯುರೋಪಿನ ಒಂಬತ್ತು ಕೇಂದ್ರಗಳು, ರಕ್ತ ಕಾರಿ ಬಂದ ಅತಿ ಅಪಾಯದ 63 ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ ಅಧ್ಯಯನವನ್ನು ಪ್ರಕಟಿಸಿದವು. ಔಷಧಿ ಮತ್ತು ಎಂಡೋಸ್ಕೋಪಿಯಲ್ಲಿ ಮುಂದುವರಿದವರಲ್ಲಿ ವರ್ಷದ ಕೊನೆಗೆ ಬದುಕಿದ್ದವರು ಶೇಕಡ 61. ಮೂರು ದಿನದೊಳಗೆ ಟಿಪ್ಸ್ ಆದವರಲ್ಲಿ ಶೇಕಡ 86. ಮಂಪರು ಹೆಚ್ಚಾಗಲಿಲ್ಲ. ಎಕ್‌ನ ಕಿಂಡಿ ಸರಿಯಾದ ರೋಗಿಗೆ, ಸರಿಯಾದ ಹೊತ್ತಿಗೆ ಸಿಕ್ಕರೆ ಆಯುಸ್ಸನ್ನೂ ಕೊಡುತ್ತದೆಂದು ಚೀಟಿ ಎತ್ತಿಯೇ ತೋರಿಸಲು 133 ವರ್ಷ ಬೇಕಾಯಿತು.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಭಾರತದಲ್ಲಿ ರಕ್ತ ಕಾರುವವರೆಲ್ಲ ಕುಡುಕರಲ್ಲ, ಅವರಿಗೆಲ್ಲ ಸಿರೋಸಿಸ್ಸೂ ಇರುವುದಿಲ್ಲ. ಯಕೃತ್ತು ಬಹುಮಟ್ಟಿಗೆ ಚೆನ್ನಾಗಿಯೇ ಇದ್ದು ಪೋರ್ಟಲ್ ಸಿರೆಯ ಕವಲುಗಳು ಮಾತ್ರ ನಾರುಗಟ್ಟುವ ಕಾಯಿಲೆಗೆ ‘ನಾನ್-ಸಿರೋಟಿಕ್ ಪೋರ್ಟಲ್ ಫೈಬ್ರೋಸಿಸ್’ ಎಂಬ ಹೆಸರನ್ನು 1969ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಾಗಾರ ಒಪ್ಪಿತು. ಮಕ್ಕಳಲ್ಲಿ ಪೋರ್ಟಲ್ ಸಿರೆಯೇ ಹೆಪ್ಪುಗಟ್ಟಿ ಮುಚ್ಚಿಹೋಗುವುದೂ ಇಲ್ಲಿ ಅಪರೂಪವಲ್ಲ. ಸಮಾಜ ಬಾಯಿಬಿಟ್ಟು ಹೇಳದಿದ್ದರೂ ಯಕೃತ್ತಿನ ರೋಗಿಯನ್ನು ಅನುಮಾನದಿಂದ ನೋಡುತ್ತದೆ. ಏಳು ವರ್ಷದ ಕೂಸು ರಕ್ತ ಕಾರಿದಾಗ ಆ ಅನುಮಾನಕ್ಕೆ ಮಾತು ಹೊರಡುವುದಿಲ್ಲ. ಇಂಥವರಿಗೆ ಗುಲ್ಮದ ಸಿರೆಯನ್ನು ಕಿಡ್ನಿಯ ಸಿರೆಗೆ ಸೇರಿಸುವ ಹಳೆಯ ಶಸ್ತ್ರಚಿಕಿತ್ಸೆಯೇ ನಮ್ಮಲ್ಲಿ ಬಹಳ ಕಾಲ ಕೈಹಿಡಿದಿದೆ. ಯಕೃತ್ತು ಗಟ್ಟಿ ಇರುವುದರಿಂದ ಅವರು ಶಂಟನ್ನು ಸಿರೋಸಿಸ್ ರೋಗಿಗಳಿಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತಾರೆ.

ಅಂಥ ಮಕ್ಕಳಿಗಾಗಿ 1990ರ ದಶಕದಲ್ಲಿ ಬೆಲ್ಜಿಯಂನ ಜಾನ್ ದ ವಿಲ್ ದ ಗ್ವಾಯೆ ಇನ್ನೊಂದು ಜೋಡಣೆಯನ್ನು ಬಳಕೆಗೆ ತಂದ. ಮಗುವಿನ ಕುತ್ತಿಗೆಯಿಂದಲೇ ಒಂದು ತುಂಡು ಸಿರೆ ತೆಗೆದು, ಕರುಳಿನ ಸಿರೆಯಿಂದ ಯಕೃತ್ತಿನ ಎಡಭಾಗದಲ್ಲಿರುವ, ರೆಕ್ಸ್ ಎಂಬ ಅಂಗರಚನಾ ತಜ್ಞನ ಹೆಸರಿನ ಒಂದು ಸಂದಿಗೆ ಸೇತುವೆ ಕಟ್ಟುವುದು. ಇದೂ ಬಳಸುದಾರಿಯೇ. ಆದರೆ ಇಲ್ಲಿ ರಕ್ತ ಯಕೃತ್ತನ್ನು ತಪ್ಪಿಸಿಕೊಂಡು ಹೋಗುವುದಿಲ್ಲ, ಮುಚ್ಚಿದ ಸಿರೆಯನ್ನು ಬಳಸಿ ಯಕೃತ್ತಿಗೇ ವಾಪಸು ಬರುತ್ತದೆ. ಈ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಗುಲ್ಮದ ಊತ ಇಳಿಯುವುದರ ಜೊತೆಗೆ ಅಮೋನಿಯಾವೂ ಇಳಿದು, ಗಮನವಿಟ್ಟು ಕಲಿಯುವ ಶಕ್ತಿ ಸುಧಾರಿಸಿದ್ದನ್ನು ವೈದ್ಯರು ಪರೀಕ್ಷೆಗಳಿಂದ ಅಳೆದು ದಾಖಲಿಸಿದ್ದಾರೆ.